ಜಾಝ್ ಆಲ್ಬಮ್‌ಗಳು: ಕೇಳುಗರ ಮಾತು, ಕೇಳುವ ಬಗೆ

ಜಾಝ್ ಕೇಳುವವರಿಬ್ಬರು ಭೇಟಿಯಾದರೆ ಕ್ಷೇಮಸಮಾಚಾರ ಮುಗಿದ ಕೂಡಲೇ ಬರುವ ಪ್ರಶ್ನೆ ಒಂದೇ: ‘ಈಗ ಏನು ಕೇಳ್ತಾ ಇದ್ದೀರಿ?’ ಒಬ್ಬರು ಒಂದು ಆಲ್ಬಮ್ ಹೆಸರು ಹೇಳುತ್ತಾರೆ. ಇನ್ನೊಬ್ಬರು ‘ಅದರಲ್ಲಿ ಡ್ರಮ್ಸ್ ಯಾರದು?’ ಎನ್ನುತ್ತಾರೆ. ಅಲ್ಲಿಂದ ಹಿಡಿದ ಮಾತು ಚಹಾ ಆರಿಹೋದರೂ ಮುಗಿಯುವುದಿಲ್ಲ. ಸುಮಾರು ತೊಂಬತ್ತು ವರ್ಷಗಳಿಂದ ಬೇರೆ ಬೇರೆ ದೇಶಗಳಲ್ಲಿ ಹೀಗೇ ನಡೆದುಬಂದಿದೆ. ಯಾವ ರೆಕಾರ್ಡ್ ಉಳಿಯಿತು, ಯಾವುದು ಮರೆಯಾಯಿತು, ಯಾವ ಕಲಾವಿದನಿಗೆ ಕೆಲಸ ಸಿಕ್ಕಿತು ಎಂಬುದರಲ್ಲೆಲ್ಲ ಕೇಳುಗರ ಈ ಮಾತಿಗೂ ಒಂದು ಪಾಲಿದೆ.

ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಹರಡಿಕೊಂಡಿರುವ ನಮ್ಮ ಸದಸ್ಯರಲ್ಲಿ ಸಂಗೀತದ ಗಾಳಿ ಸೋಕದವರು ಕಡಿಮೆ. ಭಾಗವತಿಕೆ, ಭಜನೆ, ತತ್ವಪದ, ಕಛೇರಿ, ಬೈಠಕ್ ಎಂದು ಒಂದಲ್ಲ ಒಂದು ಎಲ್ಲರ ಮನೆಯ ಹತ್ತಿರ ಇದ್ದೇ ಇದೆ. ಜಾಝ್ ಮಾತ್ರ ದೂರದ್ದು ಎಂಬ ಭಾವನೆ ನಮ್ಮಲ್ಲಿ ಹಲವರಿಗೆ. ಹಿಂದೆ ಅದರ ರೆಕಾರ್ಡುಗಳೇ ನಮ್ಮ ಊರುಗಳಿಗೆ ಬರುತ್ತಿರಲಿಲ್ಲ. ಈಗ ಎಲ್ಲವೂ ಫೋನಿನಲ್ಲಿದೆ. ಇಲ್ಲದಿರುವುದು ಎಲ್ಲಿಂದ ಶುರುಮಾಡಬೇಕು, ಏನನ್ನು ಗಮನಿಸಬೇಕು ಎಂದು ಹೇಳುವ ಜತೆಗಾರರು. ಆ ಕೆಲಸಕ್ಕೆ ಒದಗಲಿ ಎಂದು ಕೇಳುಗರಲ್ಲಿ ಹೆಚ್ಚು ಚರ್ಚೆಯಾದ ಕೆಲವು ಆಲ್ಬಮ್‌ಗಳ ಮಾಹಿತಿಯನ್ನು, ಅವುಗಳ ಬಗ್ಗೆ ಬಂದ ಪರ ವಿರೋಧದ ಅಭಿಪ್ರಾಯಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ.

ಆಲ್ಬಮ್ ಎಂದರೆ

ಜಾಝ್ ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿನ ಕಪ್ಪುಜನರ ನಡುವೆ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ. ಮೊದಲ ದಶಕಗಳಲ್ಲಿ ಅದು ಹೊರಬಂದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳಲ್ಲಿ. ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಎಷ್ಟೇ ದೊಡ್ಡ ವಾದಕನಾದರೂ ಅಷ್ಟರಲ್ಲಿ ಹೇಳಿ ಮುಗಿಸಬೇಕಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಜಾಗ ಸಿಕ್ಕಿತು. ಬಿಡಿ ಹಾಡುಗಳ ಬದಲು ಆರಂಭ, ನಡು, ಕೊನೆ ಇರುವ ಒಂದು ಇಡೀ ಕೃತಿಯನ್ನು ಕಟ್ಟುವುದು ಸಾಧ್ಯವಾಯಿತು. ಇವತ್ತು ಕೇಳುಗರು ವಾದ ಮಾಡುವ ಹೆಚ್ಚಿನ ಆಲ್ಬಮ್‌ಗಳು ಅದಾದ ಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಬಂದವು.

ಎಲ್‌ಪಿ ಲಕೋಟೆಯ ಹಿಂಬದಿಯಲ್ಲಿ ಯಾರು ಯಾವ ವಾದ್ಯ ನುಡಿಸಿದ್ದಾರೆ, ಯಾವ ದಿನ ಮುದ್ರಣವಾಯಿತು ಎಂಬ ವಿವರವೂ ಒಂದು ಸಣ್ಣ ಪರಿಚಯವೂ ಇರುವುದು ರೂಢಿ. ಕೇಳುಗರು ಓದಲು ಕಲಿತದ್ದು ಅಲ್ಲಿಂದಲೇ. ಫೋನಿನಲ್ಲಿ ಕೇಳುವಾಗ ಈ ಹಿಂಬದಿ ಕಾಣೆಯಾಗುತ್ತದೆ. ಹಳೆಯ ಆಲ್ಬಮ್‌ಗಳನ್ನು ಮತ್ತೆ ಹೊರತರುವಾಗ ಕಂಪನಿಗಳು ಉಳಿದ ಟೇಕುಗಳನ್ನೂ ಸೇರಿಸಿಬಿಡುತ್ತವೆ. ನಲವತ್ತು ನಿಮಿಷದ ಆಲ್ಬಮ್ ಎಪ್ಪತ್ತು ನಿಮಿಷವಾಗಿ, ಒಂದೇ ತುಣುಕು ಎರಡೆರಡು ಸಲ ಬರುತ್ತದೆ. ಆದ್ದರಿಂದ ಮೊದಲ ಸಲ ಕೇಳುವವರು ಮೂಲ ಎಲ್‌ಪಿಯಲ್ಲಿದ್ದ ತುಣುಕುಗಳನ್ನಷ್ಟೇ, ಅದೇ ಕ್ರಮದಲ್ಲಿ ಕೇಳುವುದು ಒಳ್ಳೆಯದು.

ಒಂದು ತುಣುಕಿನ ಕಟ್ಟು

ಜಾಝ್ ತುಣುಕಿನ ಕಟ್ಟನ್ನು ತಿಳಿಯಲು ತಾಳಮದ್ದಳೆ ನೋಡಿದವರಿಗೆ ಕಷ್ಟವಿಲ್ಲ. ಪ್ರಸಂಗ ಗೊತ್ತಿದೆ, ಪದ್ಯ ಗೊತ್ತಿದೆ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಆಡುವ ಮಾತು ಮಾತ್ರ ಆ ರಾತ್ರಿಯದು, ಆ ಕ್ಷಣದ್ದು. ಜಾಝ್‌ನಲ್ಲಿಯೂ ಮೊದಲು ಎಲ್ಲರೂ ಸೇರಿ ಗೊತ್ತಿರುವ ರಾಗಮಟ್ಟನ್ನು ನುಡಿಸುತ್ತಾರೆ. ಇದಕ್ಕೆ ‘ಹೆಡ್’ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದೇ ಚೌಕಟ್ಟಿನ ಮೇಲೆ ತಮ್ಮ ಮಾತು ಆಡುತ್ತಾರೆ. ಅದು ‘ಸೋಲೋ’. ಚೌಕಟ್ಟು ಒಂದು ಸುತ್ತು ತಿರುಗಿದರೆ ಒಂದು ‘ಕೋರಸ್’. ಬ್ಲೂಸ್ ಆದರೆ ಸುತ್ತಿಗೆ ಹನ್ನೆರಡು ಬಾರ್, ಹಳೆಯ ಜನಪ್ರಿಯ ಹಾಡುಗಳಾದರೆ ಸಾಮಾನ್ಯವಾಗಿ ಮೂವತ್ತೆರಡು. ಕೊನೆಗೆ ಮತ್ತೆ ಹೆಡ್.

ಹಿಂದೆ ಬಾಸ್, ಡ್ರಮ್ಸ್, ಪಿಯಾನೊ ನುಡಿಸುವವರನ್ನು ‘ರಿದಂ ಸೆಕ್ಷನ್’ ಎನ್ನುತ್ತಾರೆ. ಇವರು ಬರೀ ಪಕ್ಕವಾದ್ಯದವರಲ್ಲ. ಸೋಲೋ ನುಡಿಸುವವನ ಮಾತಿಗೆ ಹೂಂಗುಟ್ಟುತ್ತಾರೆ, ಎದುರುತ್ತರ ಕೊಡುತ್ತಾರೆ, ಕೆಲವೊಮ್ಮೆ ದಾರಿಯನ್ನೇ ತಿರುಗಿಸುತ್ತಾರೆ. ಇಬ್ಬರು ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ನುಡಿಸುವ ಪದ್ಧತಿಯೂ ಇದೆ. ಜತ್ತ, ಅಕ್ಕಲಕೋಟೆ ಕಡೆಯ ಸದಸ್ಯರಿಗೆ ಇದು ಗೀಗೀ ಪದದ ಸವಾಲ್-ಜವಾಬ್ ನೆನಪಿಗೆ ತಂದೀತು.

ಕೇಳುಗರು ಕೂಡಿದ್ದು

ರೆಕಾರ್ಡು ಕೇಳಲೆಂದೇ ಜನ ಕೂಡುವ ಪದ್ಧತಿ ಯುರೋಪಿನಲ್ಲಿ 1930ರ ದಶಕದಲ್ಲಿ ಗಟ್ಟಿಯಾಯಿತು. ಪ್ಯಾರಿಸ್ಸಿನಲ್ಲಿ ‘ಹಾಟ್ ಕ್ಲಬ್ ಡಿ ಫ್ರಾನ್ಸ್’ ಎಂಬ ಕೂಟವಿತ್ತು. ಅದರ ಪ್ರಮುಖರಲ್ಲೊಬ್ಬರಾದ ಶಾರ್ಲ್ ದಲೊನೆ 1936ರಲ್ಲಿ ಜಾಝ್ ರೆಕಾರ್ಡುಗಳ ಒಂದು ದೊಡ್ಡ ಪಟ್ಟಿಯನ್ನು ಪುಸ್ತಕವಾಗಿ ತಂದರು. ಯಾವ ತಟ್ಟೆಯಲ್ಲಿ ಯಾರು ನುಡಿಸಿದ್ದಾರೆ ಎಂಬುದನ್ನು ಕಂಪನಿಗಳೇ ಸರಿಯಾಗಿ ಬರೆದಿಡದ ಕಾಲದಲ್ಲಿ ಕೇಳುಗರು ಕಿವಿಯಿಂದ ಗುರುತಿಸಿ, ಕೇಳಿ ವಿಚಾರಿಸಿ ದಾಖಲೆ ಮಾಡಿದ ಕೆಲಸ ಅದು. ಅದೇ ಕೂಟ 1947ರಲ್ಲಿ ಎರಡು ಹೋಳಾಯಿತು. ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿಯವರ ಹೊಸ ಬಗೆಯ ಬೀಬಾಪ್ ಜಾಝ್ ಹೌದೇ ಅಲ್ಲವೇ ಎಂಬುದು ಜಗಳ. ಊಗ್ ಪನಾಸಿಯೆ ಅಲ್ಲ ಎಂದರು, ದಲೊನೆ ಹೌದು ಎಂದರು.

ಜಪಾನಿನಲ್ಲಿ ಬೇರೆಯೇ ರೀತಿ. ಅಲ್ಲಿ ಆಮದಾದ ರೆಕಾರ್ಡುಗಳ ಬೆಲೆ ಜನಸಾಮಾನ್ಯರ ಕೈಗೆ ಎಟಕುತ್ತಿರಲಿಲ್ಲ. ಕಾಫಿ ಅಂಗಡಿಯವರು ರೆಕಾರ್ಡು ಕೊಂಡು, ಒಳ್ಳೆಯ ಸ್ಪೀಕರ್ ಇಟ್ಟು, ಒಂದು ಕಪ್ ಕಾಫಿಯ ಬೆಲೆಗೆ ಗಂಟೆಗಟ್ಟಲೆ ಕೇಳಿಸುತ್ತಿದ್ದರು. ಇವಕ್ಕೆ ‘ಜಾಝ್ ಕಿಸ್ಸಾ’ ಎಂದು ಹೆಸರು. ಯೊಕೊಹಾಮಾದ ‘ಚಿಗುಸಾ’ ತೆರೆದದ್ದು 1933ರಲ್ಲಿ. ಯುದ್ಧಾನಂತರದ ದಶಕಗಳ ಹಲವು ಕಿಸ್ಸಾಗಳಲ್ಲಿ ರೆಕಾರ್ಡು ತಿರುಗುವಾಗ ಮಾತಾಡುವಂತಿರಲಿಲ್ಲ. ಮೊದಲು ಕೇಳು, ಆಮೇಲೆ ಮಾತಾಡು ಎಂಬ ನಿಯಮ.

ಅಮೆರಿಕದಲ್ಲಿ ಲೆನರ್ಡ್ ಫೆದರ್ ಎಂಬ ವಿಮರ್ಶಕರು ಪತ್ರಿಕೆಯಲ್ಲಿ ‘ಬ್ಲೈಂಡ್‌ಫೋಲ್ಡ್ ಟೆಸ್ಟ್’ ಶುರುಮಾಡಿದರು. ಹೆಸರು ಹೇಳದೆ ರೆಕಾರ್ಡು ಹಾಕುವುದು, ಒಬ್ಬ ಸಂಗೀತಗಾರ ಕೇಳಿ ತನ್ನ ಅಭಿಪ್ರಾಯ ಹೇಳುವುದು, ಎಷ್ಟು ನಕ್ಷತ್ರ ಎಂದು ಅಂಕ ಕೊಡುವುದು. ಕಹಳೆ ವಾದಕ ರಾಯ್ ಎಲ್ಡ್ರಿಜ್ ನುಡಿಸುವವನು ಕಪ್ಪುಜನಾಂಗದವನೋ ಬಿಳಿಯನೋ ಎಂದು ಕೇಳಿಯೇ ಹೇಳಬಲ್ಲೆ ಎಂದು ಬಾಜಿ ಕಟ್ಟಿದರು. 1951ರಲ್ಲಿ ಪರೀಕ್ಷೆ ನಡೆಯಿತು, ಎಲ್ಡ್ರಿಜ್ ಸೋತರು. ಹೆಸರು ಗೊತ್ತಿದ್ದಾಗ ನಮ್ಮ ಕಿವಿ ಎಷ್ಟು ಕೇಳುತ್ತದೆ, ಮನಸ್ಸು ಎಷ್ಟು ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

1959ರ ನಾಲ್ಕು ಆಲ್ಬಮ್‌ಗಳು

ಜಾಝ್ ಕೇಳುಗರು ಪದೇ ಪದೇ ಹಿಂದಿರುಗುವ ವರ್ಷ 1959. ಆ ಒಂದೇ ವರ್ಷ ಮುದ್ರಣವಾದ ನಾಲ್ಕು ಆಲ್ಬಮ್‌ಗಳು ನಾಲ್ಕು ದಿಕ್ಕಿನವು. ಹೊಸಬರು ಈ ನಾಲ್ಕನ್ನು ಒಂದರ ಪಕ್ಕ ಒಂದಿಟ್ಟು ಕೇಳಿದರೆ ತಮ್ಮ ರುಚಿ ಯಾವ ಕಡೆಗೆ ಎಂಬುದು ತಾನಾಗಿ ತಿಳಿಯುತ್ತದೆ.

ಕೈಂಡ್ ಆಫ್ ಬ್ಲೂ: ಮೈಲ್ಸ್ ಡೇವಿಸ್. ನ್ಯೂಯಾರ್ಕಿನಲ್ಲಿ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಮುದ್ರಣವಾಯಿತು. ಡೇವಿಸ್ ಅವರ ಟ್ರಂಪೆಟ್, ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆ್ಯಡರ್ಲಿಯವರ ಸ್ಯಾಕ್ಸೊಫೋನ್, ಬಿಲ್ ಎವನ್ಸ್ ಅವರ ಪಿಯಾನೊ, ಪಾಲ್ ಚೇಂಬರ್ಸ್ ಅವರ ಬಾಸ್, ಜಿಮ್ಮಿ ಕಾಬ್ ಅವರ ಡ್ರಮ್ಸ್. ಒಂದು ತುಣುಕಿಗೆ ಮಾತ್ರ ಪಿಯಾನೊದಲ್ಲಿ ವಿಂಟನ್ ಕೆಲಿ. ಅಲ್ಲಿಯವರೆಗಿನ ಬೀಬಾಪ್‌ನಲ್ಲಿ ಸ್ವರಮೇಳಗಳು ಬಾರ್ ಬಾರಿಗೂ ಬದಲಾಗುತ್ತಿದ್ದವು. ಇಲ್ಲಿ ಹಾಗಲ್ಲ. ಮೊದಲ ತುಣುಕು ‘ಸೋ ವಾಟ್’ ಒಂದೇ ಸ್ವರಶ್ರೇಣಿಯಲ್ಲಿ ಹದಿನಾರು ಬಾರ್ ನಿಂತು, ಎಂಟು ಬಾರ್‌ಗೆ ಅರ್ಧ ಸ್ವರ ಮೇಲೇರಿ, ಮತ್ತೆ ಎಂಟು ಬಾರ್‌ಗೆ ಇಳಿಯುತ್ತದೆ. ಆ ಸ್ವರಶ್ರೇಣಿ ನಮ್ಮ ಖರಹರಪ್ರಿಯದ ಸ್ವರಗಳದ್ದೇ. ರಾಗಲಕ್ಷಣ ಹುಡುಕಬೇಡಿ, ಗಮಕವಿಲ್ಲ. ಆದರೆ ಒಂದೇ ಕಡೆ ನಿಂತು ಬೆಳೆಸುವ ನೆಮ್ಮದಿ ನಮ್ಮ ಕಿವಿಗೆ ಹೊಸದೇನಲ್ಲ.

ಇದನ್ನು ಮೆಚ್ಚದವರು ಕಡಿಮೆ. ಇರುವ ಆಕ್ಷೇಪ ಎಂದರೆ, ಎಲ್ಲರೂ ಹೊಗಳುವುದರಿಂದ ಹೋಟೆಲಿನ ಹಿನ್ನೆಲೆ ಸಂಗೀತದಂತೆ ಆಗಿಬಿಟ್ಟಿದೆ, ಯಾರೂ ಕೂತು ಕೇಳುವುದಿಲ್ಲ ಎಂಬುದು. ನಿಜವಾದ ಜಗಳ ಬೇರೆಯದು: ‘ಬ್ಲೂ ಇನ್ ಗ್ರೀನ್’ ರಚನೆ ಡೇವಿಸ್ ಹೆಸರಿನಲ್ಲಿದೆ, ಅದು ತನ್ನದು ಎಂದು ಬಿಲ್ ಎವನ್ಸ್ ಹೇಳುತ್ತಿದ್ದರು. ಇನ್ನೊಂದು ಸ್ವಾರಸ್ಯ, ಮೊದಲ ಬದಿಯ ಮೂರು ತುಣುಕುಗಳು ಯಂತ್ರದ ವೇಗದ ದೋಷದಿಂದ ಸ್ವಲ್ಪ ಏರು ಶ್ರುತಿಯಲ್ಲಿ ಅಚ್ಚಾಗಿದ್ದವು. 1992ರ ಮರುಮುದ್ರಣದಲ್ಲಿ ಅದನ್ನು ತಿದ್ದಿದರು. ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತು ಕೇಳಿ ಮೆಚ್ಚಿದ್ದು ತಪ್ಪು ಶ್ರುತಿಯನ್ನು!

ಟೈಮ್ ಔಟ್: ಡೇವ್ ಬ್ರೂಬೆಕ್ ಕ್ವಾರ್ಟೆಟ್. ಜಾಝ್ ಹೆಚ್ಚಾಗಿ ನಾಲ್ಕರ ಎಣಿಕೆಯದು. ಬ್ರೂಬೆಕ್ ತಂಡ ಐದು, ಆರು, ಒಂಬತ್ತರ ಎಣಿಕೆಗಳನ್ನು ತಂದಿತು. ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಕೇಳುವಾಗ ತೊಡೆಯ ಮೇಲೆ ‘ತಕಿಟ ತಕ’ ಹಾಕಿ ನೋಡಿ, ಕೂತುಬಿಡುತ್ತದೆ. ‘ಬ್ಲೂ ರೊಂಡೊ ಆ ಲಾ ಟರ್ಕ್’ಗೆ ‘ತಕ ತಕ ತಕ ತಕಿಟ’. ಈ ಎರಡನೆಯ ನಡೆಯನ್ನು ಬ್ರೂಬೆಕ್ 1958ರ ಪ್ರವಾಸದಲ್ಲಿ ಟರ್ಕಿಯ ಬೀದಿ ವಾದಕರಿಂದ ಕೇಳಿದರು. ಅದೇ ಪ್ರವಾಸದಲ್ಲಿ ತಂಡ ಭಾರತಕ್ಕೂ ಬಂದಿತ್ತು. ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ವಿಮರ್ಶಕರಲ್ಲಿ ಹಲವರು ಮಾತ್ರ ಇದರಲ್ಲಿ ಲೆಕ್ಕವಿದೆ, ಜೀವದ ತೂಗು ಇಲ್ಲ ಎಂದರು. ಡೆಸ್ಮಂಡ್ 1977ರಲ್ಲಿ ತೀರಿಕೊಳ್ಳುವ ಮೊದಲು ‘ಟೇಕ್ ಫೈವ್’ನ ಗೌರವಧನ ಅಮೆರಿಕದ ರೆಡ್ ಕ್ರಾಸ್‌ಗೆ ಸೇರಬೇಕೆಂದು ಬರೆದಿಟ್ಟರು.

ಮಿಂಗಸ್ ಆ ಉಮ್: ಚಾರ್ಲ್ಸ್ ಮಿಂಗಸ್. ಬಾಸ್ ವಾದಕನ ಕೈಯ ಆಲ್ಬಮ್. ಚರ್ಚಿನ ಕೂಗು, ಬ್ಲೂಸ್, ಹಳೆಯ ದೊಡ್ಡ ಬ್ಯಾಂಡುಗಳ ಗದ್ದಲ ಎಲ್ಲ ಇದೆ. ಆ ವರ್ಷ ಮಾರ್ಚಿಯಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ನೆನಪಿನ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಇದರಲ್ಲಿದೆ. ‘ಫೇಬಲ್ಸ್ ಆಫ್ ಫಾಬಸ್’ ಎಂಬುದು ಅಣಕ. 1957ರಲ್ಲಿ ಲಿಟಲ್ ರಾಕ್ ಊರಿನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಕಾಲಿಡದಂತೆ ಸಶಸ್ತ್ರ ಪಡೆ ನಿಲ್ಲಿಸಿದ ಗವರ್ನರ್ ಫಾಬಸ್ ಅವರನ್ನು ಗೇಲಿಮಾಡುವ ತುಣುಕು. ಈ ಆಲ್ಬಮ್‌ನಲ್ಲಿ ಅದಕ್ಕೆ ಮಾತಿಲ್ಲ, ವಾದ್ಯವಷ್ಟೇ. ಮಾತುಗಳಿರುವ ರೂಪ 1960ರಲ್ಲಿ ಕ್ಯಾಂಡಿಡ್ ಎಂಬ ಸಣ್ಣ ಕಂಪನಿಗಾಗಿ ಮುದ್ರಣವಾಯಿತು. ಎರಡನ್ನೂ ಕೇಳಿದವರಲ್ಲಿ ಯಾವುದು ಹೆಚ್ಚು ಚುಚ್ಚುತ್ತದೆ ಎಂಬ ವಾದ ಇನ್ನೂ ನಿಂತಿಲ್ಲ. ಮಾತಿಲ್ಲದ್ದೇ ಹೆಚ್ಚು ಎಂಬುದು ನಮ್ಮಲ್ಲಿ ಕೆಲವರ ಅಭಿಪ್ರಾಯ. ವಾದ್ಯಗಳು ಕುಂಟುತ್ತಾ ನಡೆಯುವ ರೀತಿಯಲ್ಲೇ ನಗೆ ಇದೆ.

ದ ಶೇಪ್ ಆಫ್ ಜಾಝ್ ಟು ಕಮ್: ಆರ್ನೆಟ್ ಕೋಲ್ಮನ್. ಮೇ 22ರಂದು ಲಾಸ್ ಏಂಜಲೀಸ್‌ನಲ್ಲಿ ಮುದ್ರಣವಾಯಿತು. ಪಿಯಾನೊ ಇಲ್ಲ. ಕೋಲ್ಮನ್ ಕೈಯಲ್ಲಿದ್ದದ್ದು ಬಿಳಿ ಪ್ಲಾಸ್ಟಿಕ್ ಸ್ಯಾಕ್ಸೊಫೋನ್. ಜತೆಗೆ ಡಾನ್ ಚೆರಿ, ಚಾರ್ಲಿ ಹೇಡನ್, ಬಿಲಿ ಹಿಗಿನ್ಸ್. ಹೆಡ್ ಆದ ಮೇಲೆ ಚೌಕಟ್ಟಿನ ಸುತ್ತಿಗೆ ಕಟ್ಟುಬೀಳದೆ, ರಾಗಮಟ್ಟು ಕರೆದಲ್ಲಿಗೆ ಹೋಗುತ್ತಾರೆ. ಆ ನವೆಂಬರಿನಲ್ಲಿ ಈ ತಂಡ ನ್ಯೂಯಾರ್ಕಿನ ‘ಫೈವ್ ಸ್ಪಾಟ್’ ಕ್ಲಬ್ಬಿಗೆ ಬಂದಾಗ ಸಂಗೀತಗಾರರೇ ಎರಡು ಪಂಗಡವಾದರು. ಒಂದು ಪಂಗಡಕ್ಕೆ ಇದು ಹೊಸ ದಾರಿ, ಇನ್ನೊಂದಕ್ಕೆ ನುಡಿಸಲು ಬಾರದವನ ಆಟ. ‘ಲೋನ್ಲಿ ವುಮನ್’ ಒಂದನ್ನು ಕೇಳಿ. ಡ್ರಮ್ಸ್ ಓಡುತ್ತಿರುತ್ತದೆ, ಮೇಲಿನ ರಾಗ ನಿಧಾನವಾಗಿ ಅಳುತ್ತಿರುತ್ತದೆ. ಕೋಲ್ಮನ್ ಅವರಿಗೆ 2007ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ನುಡಿಸಲು ಬಾರದವನು ಎಂದವರಿಗೆ ಉತ್ತರ ಸಿಗಲು ಅರ್ಧ ಶತಮಾನ ಬೇಕಾಯಿತು.

ಐದು ನಕ್ಷತ್ರ, ಸೊನ್ನೆ ನಕ್ಷತ್ರ

ಕೋಲ್ಮನ್ ಅವರ ಮುಂದಿನ ದೊಡ್ಡ ಸಾಹಸ ‘ಫ್ರೀ ಜಾಝ್’. 1960ರ ಡಿಸೆಂಬರಿನಲ್ಲಿ ಎರಡು ಪೂರ್ಣ ಕ್ವಾರ್ಟೆಟ್‌ಗಳನ್ನು ಒಟ್ಟಿಗೆ ನಿಲ್ಲಿಸಿ, ಒಂದು ಎಡಗಿವಿಗೆ, ಇನ್ನೊಂದು ಬಲಗಿವಿಗೆ ಬರುವಂತೆ ಸುಮಾರು ಮೂವತ್ತೇಳು ನಿಮಿಷ ಒಂದೇ ಉಸಿರಿನಲ್ಲಿ ನುಡಿಸಿದರು. ಷಿಕಾಗೋದ ‘ಡೌನ್‌ಬೀಟ್’ ಪತ್ರಿಕೆ 1962ರ ಜನವರಿಯಲ್ಲಿ ಇದಕ್ಕೆ ಎರಡು ವಿಮರ್ಶೆಗಳನ್ನು ಪ್ರಕಟಿಸಿತು. ಪೀಟ್ ವೆಲ್ಡಿಂಗ್ ಐದಕ್ಕೆ ಐದು ನಕ್ಷತ್ರ ಕೊಟ್ಟರು. ಜಾನ್ ಟೈನನ್ ಒಂದೂ ಕೊಡಲಿಲ್ಲ. ಕೇಳಿದ್ದು ಒಂದೇ ತಟ್ಟೆ.

ಅದಕ್ಕೆ ಸ್ವಲ್ಪ ಮೊದಲು, 1961ರ ನವೆಂಬರಿನಲ್ಲಿ, ಇದೇ ಟೈನನ್ ಇದೇ ಪತ್ರಿಕೆಯಲ್ಲಿ ಜಾನ್ ಕೋಲ್ಟ್ರೇನ್ ಮತ್ತು ಎರಿಕ್ ಡಾಲ್ಫಿ ನುಡಿಸುತ್ತಿದ್ದುದಕ್ಕೆ ‘ಜಾಝ್ ವಿರೋಧಿ’ ಎಂಬ ಹಣೆಪಟ್ಟಿ ಹಚ್ಚಿದ್ದರು. ಆ ಮಾತು ಹರಡಿತು. ಮರುವರ್ಷ ಏಪ್ರಿಲ್‌ನಲ್ಲಿ ಪತ್ರಿಕೆಯೇ ಇಬ್ಬರನ್ನೂ ಕೂರಿಸಿ ಅವರ ಉತ್ತರ ಪಡೆದು ಅಚ್ಚುಹಾಕಿತು. ಕೋಲ್ಟ್ರೇನ್ ಆಗಲೇ ಹೆಸರು ಮಾಡಿದ್ದರು, ತಡೆದುಕೊಂಡರು. ಡಾಲ್ಫಿಗೆ ಹಾಗಿರಲಿಲ್ಲ. ಆಲ್ಟೊ ಸ್ಯಾಕ್ಸೊಫೋನ್, ಕೊಳಲು, ಬಾಸ್ ಕ್ಲಾರಿನೆಟ್ ಮೂರನ್ನೂ ಒಂದೇ ಅಧಿಕಾರದಿಂದ ನುಡಿಸುತ್ತಿದ್ದ ಅವರಿಗೆ ಸ್ವಂತ ತಂಡ ಕಟ್ಟಿ ನಡೆಸುವಷ್ಟು ಕೆಲಸ ಅಮೆರಿಕದಲ್ಲಿ ಸಿಗಲಿಲ್ಲ. 1964ರ ಫೆಬ್ರವರಿ 25ರಂದು ‘ಔಟ್ ಟು ಲಂಚ್’ ಆಲ್ಬಮ್ ಮುದ್ರಿಸಿ, ಯುರೋಪಿಗೆ ಹೊರಟರು. ಜೂನ್ 29ರಂದು ಬರ್ಲಿನ್‌ನಲ್ಲಿ, ಮಧುಮೇಹ ಇದೆ ಎಂಬುದು ಸಮಯಕ್ಕೆ ಗೊತ್ತಾಗದೆ, ತೀರಿಕೊಂಡರು. ವಯಸ್ಸು ಮೂವತ್ತಾರು. ಆಲ್ಬಮ್ ಹೊರಬಂದದ್ದು ಆಮೇಲೆ.

ಡಾಲ್ಫಿ ಸತ್ತದ್ದು ವಿಮರ್ಶೆಯಿಂದ ಎಂದು ಹೇಳುವುದು ಸುಳ್ಳಾಗುತ್ತದೆ. ಆದರೆ ನಾಲ್ಕು ಜನ ಓದುವ ಕಡೆ ಆಡಿದ ಒಂದು ಪದ ಕಲಾವಿದನ ಅನ್ನದವರೆಗೆ ಹೋಗಬಲ್ಲದು ಎಂಬುದಂತೂ ನಿಜ. ಆ ವರ್ಷವೇ ಡೌನ್‌ಬೀಟ್‌ನ ಓದುಗರು ಮತ ಹಾಕಿ ಡಾಲ್ಫಿಯನ್ನು ಪತ್ರಿಕೆಯ ಗೌರವ ಪಟ್ಟಿಗೆ ಸೇರಿಸಿದರು. ಮರುವರ್ಷ ಕೋಲ್ಟ್ರೇನ್ ಅವರನ್ನು. ಪತ್ರಿಕೆಯ ಹಣೆಪಟ್ಟಿಯನ್ನು ಕಿತ್ತವರು ಅದೇ ಪತ್ರಿಕೆಯ ಓದುಗರು, ಅಂದರೆ ಮನೆಯಲ್ಲಿ ಕೂತು ಕೇಳುತ್ತಿದ್ದ ಸಾಮಾನ್ಯರು.

‘ಔಟ್ ಟು ಲಂಚ್’ ಕೇಳುವವರಿಗೆ ಒಂದು ಮಾತು. ಪಿಯಾನೊ ಬದಲು ಬಾಬಿ ಹಚರ್ಸನ್ ಅವರ ವೈಬ್ರಫೋನ್ ಇದೆ. ಲೋಹದ ಪಟ್ಟಿಗಳ ಆ ನಾದ ಗಾಳಿಯಲ್ಲಿ ತೂಗುತ್ತದೆ. ಡ್ರಮ್ಸ್ ನುಡಿಸಿದ ಟೋನಿ ವಿಲಿಯಮ್ಸ್‌ಗೆ ಆಗ ಹದಿನೆಂಟು ವರ್ಷ. ಮೊದಲ ಸಲ ಕೇಳುವಾಗ ಅವರೊಬ್ಬರನ್ನೇ ಹಿಡಿದು ಹೋಗಿ. ಎರಡನೆಯ ಸಲ ಡಾಲ್ಫಿ. ಮೊದಲ ಸಲವೇ ಎಲ್ಲ ಹಿಡಿಯಹೊರಟರೆ ಗಲಾಟೆ ಎನಿಸುತ್ತದೆ.

ಮಾತೇ ರಾಗವಾದ ಆಲ್ಬಮ್

ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಂ’ ಮುದ್ರಣವಾದದ್ದು 1964ರ ಡಿಸೆಂಬರ್ 9ರಂದು, ಹೊರಬಂದದ್ದು 1965ರಲ್ಲಿ. ಪಿಯಾನೊ ಮೆಕಾಯ್ ಟೈನರ್, ಬಾಸ್ ಜಿಮ್ಮಿ ಗ್ಯಾರಿಸನ್, ಡ್ರಮ್ಸ್ ಎಲ್ವಿನ್ ಜೋನ್ಸ್. ಸುಮಾರು ಮೂವತ್ತಮೂರು ನಿಮಿಷ, ನಾಲ್ಕು ಭಾಗ. ಇದು ದೇವರಿಗೆ ಅರ್ಪಣೆ ಎಂದು ಕೋಲ್ಟ್ರೇನ್ ಲಕೋಟೆಯಲ್ಲೇ ಬರೆದಿದ್ದಾರೆ. ಮೊದಲ ಭಾಗದಲ್ಲಿ ನಾಲ್ಕೇ ಸ್ವರಗಳ ಒಂದು ಎಳೆಯನ್ನು ಬಾಸ್ ಹಿಡಿಯುತ್ತದೆ, ಸ್ಯಾಕ್ಸೊಫೋನ್ ಅದನ್ನು ಬೇರೆ ಬೇರೆ ಶ್ರುತಿಗಳಲ್ಲಿ ತಿರುಗಿಸುತ್ತದೆ, ಕೊನೆಗೆ ಬಾಯಲ್ಲೇ ಜಪದಂತೆ ಹೇಳುತ್ತಾರೆ. ಭಜನೆಯಲ್ಲಿ ಕೂತವರಿಗೆ ಇದರ ಒಳಗೆ ಹೋಗಲು ಪರಿಚಯಪತ್ರ ಬೇಡ.

ನಾಲ್ಕನೆಯ ಭಾಗ ‘ಸಾಮ್’ ಅಂದರೆ ಸ್ತೋತ್ರ. ಲಕೋಟೆಯಲ್ಲಿ ಕೋಲ್ಟ್ರೇನ್ ಬರೆದ ಒಂದು ಪ್ರಾರ್ಥನೆ ಅಚ್ಚಾಗಿದೆ. ಈ ಭಾಗದಲ್ಲಿ ಸ್ಯಾಕ್ಸೊಫೋನ್ ಆ ಪ್ರಾರ್ಥನೆಯನ್ನು ಅಕ್ಷರ ಅಕ್ಷರವಾಗಿ ನುಡಿಯುತ್ತದೆ. ಬಾಯಿಂದ ಒಂದು ಪದವೂ ಇಲ್ಲ. ಆ ಪ್ರಾರ್ಥನೆ ಮುಂದಿಟ್ಟುಕೊಂಡು ಕೇಳಿದರೆ ಪದಪದವೂ ಹೊಂದುತ್ತದೆ. ಹಲವು ಕೇಳುಗರು ವರ್ಷಗಟ್ಟಲೆ ಕೇಳಿಯೂ ಇದನ್ನು ಗಮನಿಸಿರಲಿಲ್ಲ. ಇನ್ನೊಬ್ಬ ಕೇಳುಗ ಹೇಳಿದ ಮೇಲೆಯೇ ಕಿವಿಗೆ ಬಿತ್ತು. ಅಭಿಪ್ರಾಯ ಹಂಚಿಕೊಳ್ಳುವುದರಿಂದ ಆಗುವ ಉಪಕಾರ ಇದೇ.

ನಮ್ಮ ಕಡೆಯ ನಂಟು

ಜಾಝ್‌ಗೂ ಕನ್ನಡನಾಡಿಗೂ ನಿಜವಾದ ನಂಟು ಇರುವ ಮೂರು ಆಲ್ಬಮ್‌ಗಳನ್ನು ಸದಸ್ಯರು ತಪ್ಪದೆ ಕೇಳಬೇಕು.

ಜ್ಯೋತಿ. ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮಿಂಗಸ್ ತಂಡದಲ್ಲಿ ನುಡಿಸಿದವರು, ಮುಂದೆ ನಾಗಸ್ವರ ಕಲಿತವರು. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜತೆ ಅವರು 1983ರಲ್ಲಿ ಈ ಆಲ್ಬಮ್ ಮಾಡಿದರು. ಜರ್ಮನಿಯ ಇಸಿಎಂ ಕಂಪನಿ ಹೊರತಂದಿತು. ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ, ಜತೆಗೆ ಘಟ, ಖಂಜಿರ, ಕೊನ್ನಕ್ಕೋಲು. ಮರಿಯಾನೊ ಇಲ್ಲಿ ಮೆರೆಯುವುದಿಲ್ಲ, ಗಾಯನಕ್ಕೆ ಜಾಗ ಬಿಟ್ಟು ಹಿಂದೆ ನಿಲ್ಲುತ್ತಾರೆ. ಇದು ಜಾಝ್ ಅಲ್ಲವೇ ಅಲ್ಲ ಎನ್ನುವವರಿದ್ದಾರೆ. ಎದುರಿನವರ ಮಾತು ಕೇಳಿ ಉತ್ತರಿಸುವುದೇ ಜಾಝ್ ಆದರೆ, ಇದು ಜಾಝೇ ಎಂಬುದು ನಮ್ಮ ಎಣಿಕೆ.

ಕಿನ್ಸ್‌ಮೆನ್. ಬಂಟ್ವಾಳ ಕಡೆಯ ನಾಗಸ್ವರ ಮನೆತನದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್‌ಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ. ಗಮಕ ಒದಗುವಂತೆ ವಾದ್ಯವನ್ನೇ ಮಾರ್ಪಡಿಸಿಕೊಂಡರು. 1980ರ ಮುಂಬಯಿ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಂದಿಗೆ ವೇದಿಕೆ ಹಂಚಿಕೊಂಡರು. ಅತ್ತ ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಯುವಕ ರುದ್ರೇಶ್ ಮಹಾಂತಪ್ಪನಿಗೆ ಅಣ್ಣ ತಮಾಷೆಗೆಂದು ಒಂದು ಆಲ್ಬಮ್ ಕೊಟ್ಟ: ಭಾರತೀಯ ಶೈಲಿಯ ಸ್ಯಾಕ್ಸೊಫೋನ್, ಕದ್ರಿಯವರದ್ದು. ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ತಂದರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ ಒಂದು ಕಡೆ. ರೆಝ್ ಅಬ್ಬಾಸಿಯವರ ಗಿಟಾರ್, ಬಾಸ್, ಡ್ರಮ್ಸ್ ಇನ್ನೊಂದು ಕಡೆ. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಸ್ವರದಿಂದ ಸ್ವರಕ್ಕೆ ಜಾರಿದರೆ ಕದ್ರಿ, ಮೆಟ್ಟಿಲು ಹತ್ತಿದಂತೆ ನೆಗೆದರೆ ಮಹಾಂತಪ್ಪ ಎಂದು ಗುರುತು ಹಿಡಿಯಬಹುದು. ಮನೆಯಲ್ಲಿ ಇದನ್ನೇ ಒಂದು ಬ್ಲೈಂಡ್‌ಫೋಲ್ಡ್ ಟೆಸ್ಟ್ ಮಾಡಿ ನೋಡಿ. ಕದ್ರಿಯವರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಮದರ್ ಟಂಗ್. ಇದು ಮಹಾಂತಪ್ಪನವರ 2004ರ ಆಲ್ಬಮ್. ಪಿಯಾನೊ ವಿ‌ಜಯ್ ಅಯ್ಯರ್, ಬಾಸ್ ಫ್ರಾಂಸ್ವಾ ಮೂಟಾನ್, ಡ್ರಮ್ಸ್ ಎಲಿಯಟ್ ಹಂಬರ್ಟೊ ಕವೀ. ‘ನೀವು ಇಂಡಿಯನ್ ಮಾತಾಡುತ್ತೀರಾ?’ ಎಂದು ಅಮೆರಿಕನ್ನರು ಕೇಳುವ ಪ್ರಶ್ನೆಯಿಂದ ಹುಟ್ಟಿದ ಕೃತಿ. ಅಮೆರಿಕದಲ್ಲಿರುವ ಭಾರತೀಯರಿಗೆ ಆ ಪ್ರಶ್ನೆ ಕೇಳಿ, ಅವರವರ ಭಾಷೆಯಲ್ಲಿ ಬಂದ ಉತ್ತರವನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತ, ಓಟ, ನಿಲುಗಡೆಗಳನ್ನು ಸ್ವರಕ್ಕೆ ಇಳಿಸಿ ರಚನೆ ಮಾಡಿದರು. ತುಣುಕುಗಳ ಹೆಸರುಗಳೇ ಭಾಷೆಗಳು: ಕನ್ನಡ, ತಮಿಳು, ಮಲಯಾಳಂ, ತೆಲುಗು, ಕೊಂಕಣಿ, ಗುಜರಾತಿ, ಇಂಗ್ಲಿಷ್. ಕೋಲ್ಟ್ರೇನ್ ಪ್ರಾರ್ಥನೆಗೆ ಮಾಡಿದ್ದನ್ನು ಇವರು ದಿನನಿತ್ಯದ ಮಾತಿಗೆ ಮಾಡಿದ್ದಾರೆ.

ಈ ಆಲ್ಬಮ್‌ಗೆ ಬಂದ ವಿಮರ್ಶೆಗಳು ನುಡಿಸಾಣಿಕೆಯ ಬಗ್ಗೆ, ತಾಳದ ಬಗ್ಗೆ ಹೇಳಬಲ್ಲವು. ‘ಕನ್ನಡ’ ಎಂಬ ತುಣುಕು ಕನ್ನಡದಂತೆ ಕೇಳುತ್ತದೆಯೇ, ‘ಮಲಯಾಳಂ’ ಅದರಿಂದ ಎಲ್ಲಿ ಬೇರೆಯಾಗುತ್ತದೆ ಎಂದು ಹೇಳಲು ಈ ಭಾಷೆಗಳ ನಡುವೆ ಬದುಕುವವರೇ ಬೇಕು. ಬೆಳಗ್ಗೆ ಹಾಲಿನವನೊಡನೆ ಒಂದು ನುಡಿ, ಬಸ್ಸಿನಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಆಡುವವರು ನಾವು. ಮೇಲಾಗಿ ಕಾಸರಗೋಡಿನ ಕನ್ನಡದ ರಾಗ ಬೇರೆ, ತಾಳವಾಡಿಯದು ಬೇರೆ, ಜತ್ತದ್ದು ಬೇರೆ, ಮಡಕಶಿರಾದ್ದು ಬೇರೆ. ಮಹಾಂತಪ್ಪನವರ ಕಿವಿಗೆ ಬಿದ್ದ ಕನ್ನಡ ಯಾವ ಕಡೆಯದಿರಬಹುದು? ಇದಕ್ಕೆ ನ್ಯೂಯಾರ್ಕಿನಲ್ಲಿ ಉತ್ತರವಿಲ್ಲ, ನಮ್ಮ ಊರುಗಳಲ್ಲಿ ಇದ್ದೀತು.

ಅಭಿಪ್ರಾಯ ಹೇಳುವಾಗ

ಹಳೆಯ ಕೇಳುಗರ ಅನುಭವದಿಂದ ಬಂದ ಕೆಲವು ರೂಢಿಗಳನ್ನು ಇಲ್ಲಿ ಕೊಡುತ್ತೇವೆ.

ಜಾಗ ಹೇಳಿ. ‘ಚೆನ್ನಾಗಿದೆ’, ‘ಬೋರು’ ಎಂಬುದರಿಂದ ಇನ್ನೊಬ್ಬರಿಗೆ ಪ್ರಯೋಜನವಿಲ್ಲ. ಯಾವ ತುಣುಕಿನಲ್ಲಿ, ಎಷ್ಟನೆಯ ನಿಮಿಷದಲ್ಲಿ, ಯಾರು ಏನು ಮಾಡಿದಾಗ ಹಾಗೆನಿಸಿತು ಎಂದು ಹೇಳಿದರೆ ಒಪ್ಪದವರೂ ಹೋಗಿ ಕೇಳುತ್ತಾರೆ.

ಹೆಸರು ಹೇಳಿ. ಆಲ್ಬಮ್ ಲಕೋಟೆಯ ಮೇಲಿನ ದೊಡ್ಡ ಹೆಸರು ಒಬ್ಬರದು, ನುಡಿಸಿದವರು ಐದಾರು ಜನ. ಬಾಸ್ ಮತ್ತು ಡ್ರಮ್ಸ್ ಯಾರದೆಂದು ಹುಡುಕಿ ಬರೆಯುವುದು ಅವರಿಗೆ ಸಲ್ಲಬೇಕಾದ ಗೌರವ.

ಮುದ್ರಣದ ಗುಣ ಬೇರೆ, ಸಂಗೀತ ಬೇರೆ. ಹಳೆಯ 78ರ ತಟ್ಟೆಯ ಕರಕರ ಸದ್ದಿಗೆ ವಾದಕ ಹೊಣೆಯಲ್ಲ.

ಎಷ್ಟನೆಯ ಸಲ ಕೇಳಿದ್ದು ಎಂದು ಹೇಳಿ. ಮೊದಲ ಸಲದ ಮಾತಿಗೂ ಬೆಲೆ ಇದೆ, ಅದು ಮೊದಲ ಸಲದ್ದು ಎಂದು ಗೊತ್ತಿದ್ದರೆ. ಒಮ್ಮೆ ಹಿಡಿಸದ್ದನ್ನು ಆರು ತಿಂಗಳು ಬಿಟ್ಟು ಮತ್ತೆ ಕೇಳುವುದು ಕೇಳುಗರಲ್ಲಿ ಹಳೆಯ ಪದ್ಧತಿ.

ಕೊನೆಯದಾಗಿ, ‘ಇದು ಜಾಝ್ ಅಲ್ಲ’ ಎಂಬ ಮಾತನ್ನು ಆದಷ್ಟು ತಡೆದು ಆಡಿ. ಬೀಬಾಪ್‌ಗೆ, ಕೋಲ್ಮನ್‌ಗೆ, ಕೋಲ್ಟ್ರೇನ್‌ಗೆ, ಡಾಲ್ಫಿಗೆ ಆ ಮಾತು ಬಂದಿದೆ. ಅಂದವರ ಹೆಸರು ಇವತ್ತು ನೆನಪಾಗುವುದು ಆ ಮಾತಿನಿಂದಷ್ಟೇ.

ಹೊಸದಾಗಿ ಶುರುಮಾಡುವವರಿಗೆ ನಾವು ಸೂಚಿಸುವ ಕ್ರಮ: ಕೈಂಡ್ ಆಫ್ ಬ್ಲೂ, ಟೈಮ್ ಔಟ್, ಮಿಂಗಸ್ ಆ ಉಮ್, ಜ್ಯೋತಿ, ಎ ಲವ್ ಸುಪ್ರೀಂ, ಕಿನ್ಸ್‌ಮೆನ್, ಮದರ್ ಟಂಗ್, ದ ಶೇಪ್ ಆಫ್ ಜಾಝ್ ಟು ಕಮ್, ಔಟ್ ಟು ಲಂಚ್, ಕೊನೆಗೆ ಫ್ರೀ ಜಾಝ್. ವಾರಕ್ಕೊಂದು ಸಾಕು, ಹತ್ತು ವಾರದ ಕೆಲಸ. ಒಬ್ಬರೇ ಕೇಳುವುದಕ್ಕಿಂತ ಇಬ್ಬರು ಮೂವರು ಕೂಡಿ ಕೇಳಿದರೆ ಒಳ್ಳೆಯದು. ರೆಕಾರ್ಡು ಮುಗಿಯುವವರೆಗೆ ಜಪಾನಿನವರಂತೆ ಸುಮ್ಮನಿರಿ, ಮುಗಿದ ಮೇಲೆ ನಮ್ಮವರಂತೆ ಮಾತಾಡಿ. ‘ಕನ್ನಡ’ ತುಣುಕು ಕೇಳಿದವರು ಅದು ಯಾವ ಊರಿನ ಕನ್ನಡದಂತೆ ಕೇಳಿಸಿತು ಎಂಬುದನ್ನು ಮರೆಯದೆ ಬರೆದು ತಿಳಿಸಿ.